ಸಿಕ್ಯೂಇ (ಸರ್ಟಿಫೈಡ್ ಕ್ವಾಲಿಟಿ ಎಂಜಿನಿಯರ್) ಪರೀಕ್ಷೆಗೆ ನಾನು ತರಬೇತಿ ಆರಿಸಿಕೊಂಡ ಬಗೆ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗಗಳನ್ನು ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಎಂಟು ವರ್ಷ ಕೆಲಸ ಮಾಡಿದ ಮೇಲೆ, ವೃತ್ತಿಪರ ಪ್ರಮಾಣಪತ್ರವೊಂದನ್ನು ಪಡೆಯಲೇಬೇಕೆಂದು ನಿಶ್ಚಯಿಸಿದೆ. ಇದಕ್ಕೆ ಜ್ಞಾನದಾಹವೇ ಕಾರಣವೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಬಡ್ತಿಯ ಮಾತು ಬಂದಾಗ ಎರಡು ಸಲ ನನ್ನ ಹೆಸರು ಬಿಟ್ಟುಹೋಗಿತ್ತು, ಬೇರೆ ಕಂಪನಿಗಳ ಉದ್ಯೋಗ ಪ್ರಕಟಣೆಗಳಲ್ಲಿ ಇಂಥ ಪ್ರಮಾಣಪತ್ರವಿದ್ದವರಿಗೆ ಆದ್ಯತೆ ಎಂಬ ಸಾಲು ಕಣ್ಣಿಗೆ ಬೀಳುತ್ತಲೇ ಇತ್ತು. ಹಾಗಾಗಿ ಯಾವ ಪ್ರಮಾಣಪತ್ರವೆಂದು ಯೋಚಿಸುವುದಕ್ಕೂ ಮೊದಲೇ ಯಾವ ತರಬೇತಿ ಬೇಗ ಮುಗಿಯುತ್ತದೆ ಎಂದು ಹುಡುಕಲು ತೊಡಗಿದೆ. ಆ ಅವಸರದ ಬೆಲೆ ಹದಿನೆಂಟು ಸಾವಿರ ರೂಪಾಯಿ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕ್ಷೇತ್ರದವರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ಎಲ್ಲರೂ ಮೊದಲು ಹೇಳುವುದು ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 9001ರ ಲೀಡ್ ಆಡಿಟರ್ ಕೋರ್ಸಿನ ಹೆಸರನ್ನು. 1987ರಲ್ಲಿ ಮೊದಲ ಬಾರಿಗೆ ಪ್ರಕಟವಾಗಿ, 2015ರಲ್ಲಿ ಹತ್ತು ವಿಭಾಗಗಳ ರಚನೆಗೆ ಬಂದ ಆ ಮಾನಕವನ್ನು ಒಂದು ಸಂಸ್ಥೆ ಎಷ್ಟರ ಮಟ್ಟಿಗೆ ಪಾಲಿಸುತ್ತಿದೆ ಎಂದು ಸಾಕ್ಷ್ಯ ಸಮೇತ ಪರಿಶೀಲಿಸುವುದನ್ನು ಈ ಕೋರ್ಸು ಕಲಿಸುತ್ತದೆ. ಇದು ಸಾಮಾನ್ಯವಾಗಿ ಐದು ದಿನಗಳದ್ದಾಗಿದ್ದು, ಕೊನೆಯಲ್ಲಿ ಪರೀಕ್ಷೆಯೂ ಇರುತ್ತದೆ. ಕೋರ್ಸು ಮುಗಿಸಿದ ಮಾತ್ರಕ್ಕೆ ಯಾರೂ ನೋಂದಾಯಿತ ಆಡಿಟರ್ ಆಗುವುದಿಲ್ಲ, ಅದಕ್ಕೆ ನಿಜವಾದ ಆಡಿಟ್‌ಗಳ ಅನುಭವ ಬೇಕು ಎಂಬುದನ್ನು ಮಾತ್ರ ಶುಲ್ಕ ಕಟ್ಟಿಸಿಕೊಳ್ಳುವವರು ಮೆಲುದನಿಯಲ್ಲಿ ಹೇಳುತ್ತಾರೆ. ಎರಡನೆಯ ದಾರಿ ಸಿಕ್ಸ್ ಸಿಗ್ಮಾ ಬೆಲ್ಟುಗಳದು, ಅಂದರೆ ಪರಿಣತಿಯ ಹಂತಗಳದು. 1986ರಲ್ಲಿ ಮೊಟೊರೊಲಾ ಕಂಪನಿಯಲ್ಲಿ ರೂಪುಗೊಂಡ, ದೋಷಗಳನ್ನು ಕಡಿಮೆ ಮಾಡುವ ಈ ವಿಧಾನಕ್ಕೆ ಒಬ್ಬನೇ ಯಜಮಾನನಿಲ್ಲ. ಆದ್ದರಿಂದ ವರ್ಷಗಟ್ಟಲೆ ದುಡಿದು, ಪ್ರಾಜೆಕ್ಟ್ ಒಪ್ಪಿಸಿ ಪಡೆದ ಗ್ರೀನ್ ಬೆಲ್ಟೂ ಒಂದು ವಾರಾಂತ್ಯದಲ್ಲಿ ಕುಳಿತೆದ್ದು ಪಡೆದ ಗ್ರೀನ್ ಬೆಲ್ಟೂ ಬಯೋಡೇಟಾದಲ್ಲಿ ಒಂದೇ ಥರ ಕಾಣುತ್ತವೆ. ಮೂರನೆಯದು ಅಮೆರಿಕನ್ ಸೊಸೈಟಿ ಫಾರ್ ಕ್ವಾಲಿಟಿ, ಅಂದರೆ ಎಎಸ್‌ಕ್ಯೂ ನಡೆಸುವ ಪರೀಕ್ಷೆಗಳು. 1946ರಲ್ಲಿ ಹುಟ್ಟಿ ಮಿಲ್ವಾಕಿಯಲ್ಲಿ ನೆಲೆಸಿರುವ ಈ ಸಂಸ್ಥೆ ಮೊಟ್ಟಮೊದಲು ಆರಂಭಿಸಿದ ಪ್ರಮಾಣಪತ್ರವೇ ಸರ್ಟಿಫೈಡ್ ಕ್ವಾಲಿಟಿ ಎಂಜಿನಿಯರ್, ಚಿಕ್ಕದಾಗಿ ಸಿಕ್ಯೂಇ. ಅದು ಆರಂಭವಾದದ್ದು 1968ರಲ್ಲಿ.

ಮೂರರಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆಗೆ ಅರ್ಥವಿಲ್ಲ ಎನ್ನುವುದು ನನಗೆ ತಡವಾಗಿ ಹೊಳೆಯಿತು. ಬೇರೆಯವರ ವ್ಯವಸ್ಥೆಯನ್ನು ಪರಿಶೀಲಿಸುವುದೇ ನಿಮ್ಮ ಕೆಲಸವಾಗಿದ್ದರೆ ಮೊದಲನೆಯದು ಸರಿ; ಒಂದು ನಿರ್ದಿಷ್ಟ ನಷ್ಟವನ್ನು ಕಡಿಮೆ ಮಾಡುವ ಪ್ರಾಜೆಕ್ಟ್ ಕೈಯಲ್ಲಿದ್ದು, ಅದಕ್ಕೆ ಮೇಲಿನವರ ಬೆಂಬಲವೂ ಇದ್ದರೆ ಎರಡನೆಯದು ಸರಿ. ನನ್ನ ಕೆಲಸವೋ ಡ್ರಾಯಿಂಗ್ ಓದುವುದು, ಗೇಜು ಎಂಬ ಅಳತೆಯ ಉಪಕರಣಗಳನ್ನು ಆರಿಸುವುದು, ಒಳಬರುವ ಲಾಟುಗಳ, ಅಂದರೆ ಒಟ್ಟಿಗೆ ಬರುವ ಭಾಗಗಳ ಕಂತುಗಳ ತಪಾಸಣೆ, ಪ್ರೊಸೆಸ್ ಸಾಮರ್ಥ್ಯದ ಲೆಕ್ಕ, ಗ್ರಾಹಕರ ದೂರಿಗೆ ಉತ್ತರ ಬರೆಯುವುದು. ಇವೆಲ್ಲವೂ ಒಟ್ಟಿಗೆ ಸೇರಿದ್ದು ಸಿಕ್ಯೂಇಯಲ್ಲಿ ಮಾತ್ರ. ಅದಕ್ಕೆ ಒಟ್ಟು ಎಂಟು ವರ್ಷಗಳ ಅನುಭವ ಬೇಕು, ಪದವೀಧರರಿಗೆ ಅದರಲ್ಲಿ ನಾಲ್ಕು ವರ್ಷಗಳ ವಿನಾಯಿತಿ ಇದೆ. ಆದರೆ ಯಾರೇ ಆಗಲಿ, ಕನಿಷ್ಠ ಮೂರು ವರ್ಷ ತೀರ್ಮಾನ ತೆಗೆದುಕೊಳ್ಳುವ ಸ್ಥಾನದಲ್ಲಿ ಇದ್ದಿರಲೇಬೇಕು. ಈ ಕೊನೆಯ ನಿಯಮವನ್ನು ಅರ್ಜಿ ಹಾಕುವ ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಹುದ್ದೆಯ ಹೆಸರು ಮುಖ್ಯವಲ್ಲ. ಒಂದು ಕೆಲಸವನ್ನು ರೂಪಿಸುವ, ನಡೆಸುವ ಅಥವಾ ನಿಯಂತ್ರಿಸುವ ಅಧಿಕಾರ ಇತ್ತೇ, ಅದರ ಫಲಕ್ಕೆ ನೀವು ಹೊಣೆಯಾಗಿದ್ದಿರೇ ಎಂಬುದು ಮುಖ್ಯ. ಲಾಟನ್ನು ತಡೆಹಿಡಿಯುವ ಸಹಿ ಯಾವ ವರ್ಷದಿಂದ ನನ್ನದಾಗಿತ್ತು ಎಂದು ಹಳೆಯ ಕಡತಗಳನ್ನು ತೆಗೆದು ನೋಡಿದ ಮೇಲೆಯೇ ನನಗೆ ಧೈರ್ಯ ಬಂದದ್ದು.

ಇನ್ನು ಹದಿನೆಂಟು ಸಾವಿರದ ವಿಚಾರ. ನಗರದ ಒಂದು ತರಬೇತಿ ಸಂಸ್ಥೆ ಉತ್ತೀರ್ಣರಾಗುವ ಖಾತರಿಯನ್ನು ದೊಡ್ಡಕ್ಷರಗಳಲ್ಲಿ ಕೊಟ್ಟಿತ್ತು. ಎರಡು ಶನಿವಾರ, ಎರಡು ಭಾನುವಾರ, ಒಂದು ಹೋಟೆಲಿನ ಸಭಾಂಗಣ, ಮಧ್ಯಾಹ್ನ ಒಳ್ಳೆಯ ಊಟ. ಬೋಧಕರು ದಿನಕ್ಕೆ ನೂರಾರು ಸ್ಲೈಡುಗಳನ್ನು ಓಡಿಸಿದರು. ಉತ್ಪಾದನೆ ಹಿಡಿತದಲ್ಲಿದೆಯೇ ಎಂದು ತೋರಿಸುವ ನಿಯಂತ್ರಣ ನಕ್ಷೆಯ ಮಿತಿಗಳನ್ನು ಲೆಕ್ಕ ಹಾಕುವಾಗ ಐದು ಅಳತೆಗಳ ಗುಂಪಿಗೆ 0.577 ಎಂಬ ಗುಣಕವನ್ನೇ ಏಕೆ ಬಳಸಬೇಕು, ಆ ಸಂಖ್ಯೆ ಎಲ್ಲಿಂದ ಬಂತು ಎಂದು ನಾನು ಕೇಳಿದಾಗ, ಅದು ಕೋಷ್ಟಕದಲ್ಲಿದೆ, ಪರೀಕ್ಷೆಗೆ ಅಷ್ಟು ಸಾಕು ಎಂಬ ಉತ್ತರ ಬಂತು. ಕೊನೆಯ ದಿನ ಒಂದು ಪ್ರಶ್ನೆಕೋಶವನ್ನೂ ಭಾಗವಹಿಸಿದ್ದಕ್ಕೆ ಬಣ್ಣದ ಪ್ರಮಾಣಪತ್ರವನ್ನೂ ಕೊಟ್ಟು ಕಳಿಸಿದರು. ತಪ್ಪು ಅವರದೆನ್ನುವುದಕ್ಕಿಂತ ನನ್ನದೇ ಹೆಚ್ಚು. ಕೇಳಬೇಕಾದ ಮೂರು ಪ್ರಶ್ನೆಗಳನ್ನು ನಾನು ಹಣ ಕಟ್ಟುವ ಮೊದಲು ಕೇಳಿರಲಿಲ್ಲ: ಪಾಠ ಮಾಡುವವರು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಾರೆಯೇ, ತರಗತಿಯಲ್ಲಿ ಲೆಕ್ಕಗಳನ್ನು ನಮ್ಮ ಕೈಯಿಂದ ಮಾಡಿಸುತ್ತಾರೆಯೇ, ತರಬೇತಿ ಕೊಡುವವರೇ ಪ್ರಮಾಣಪತ್ರವನ್ನೂ ಕೊಡುತ್ತಾರೆಯೇ. ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವ್ಯಕ್ತಿಗಳಿಗೆ ಪ್ರಮಾಣಪತ್ರ ನೀಡುವ ಸಂಸ್ಥೆಗಳು ಹೇಗಿರಬೇಕೆಂದು ಹೇಳುವ ಐಎಸ್‌ಒ 17024 ಎಂಬ ಮಾನಕವೇ ಇದೆ, ಮತ್ತು ತರಬೇತಿಯಿಂದಾಗಿ ಪರೀಕ್ಷೆಯ ನಿಷ್ಪಕ್ಷಪಾತಕ್ಕೆ ಧಕ್ಕೆ ಬರಬಾರದು ಎಂಬುದು ಅದರ ಮುಖ್ಯ ಕಾಳಜಿಗಳಲ್ಲೊಂದು. ಕಲಿಸಿದವರೇ ಪರೀಕ್ಷಿಸಿ, ಅವರೇ ಪ್ರಮಾಣಪತ್ರವನ್ನೂ ಬರೆದುಕೊಟ್ಟರೆ, ಅದು ಯಂತ್ರ ಓಡಿಸಿದವನೇ ತನ್ನ ಲಾಟಿನ ಮೇಲೆ ಅಂತಿಮ ತಪಾಸಣೆಯ ಮೊಹರು ಒತ್ತಿಕೊಂಡ ಹಾಗೆ.

ಆ ಬಣ್ಣದ ಕಾಗದವನ್ನು ಡ್ರಾಯರಿನಲ್ಲಿಟ್ಟು, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಆಗ ಮಾಡಿದೆ. ಎಎಸ್‌ಕ್ಯೂ ತನ್ನ ಪ್ರತಿಯೊಂದು ಪರೀಕ್ಷೆಯ ಪಠ್ಯಕ್ರಮವನ್ನು ಬಾಡಿ ಆಫ್ ನಾಲೆಡ್ಜ್ ಎಂಬ ಹೆಸರಿನಲ್ಲಿ ಉಚಿತವಾಗಿ ಪ್ರಕಟಿಸುತ್ತದೆ. ಬಹಳ ಮಂದಿ ಅದನ್ನು ಅಧ್ಯಾಯಗಳ ಪಟ್ಟಿಯಂತೆ ಕಣ್ಣಾಡಿಸಿ ಬಿಡುತ್ತಾರೆ. ಅದರಲ್ಲಿ ಎರಡು ಸುಳಿವುಗಳಿವೆ. ಒಂದು, ಯಾವ ವಿಭಾಗದಿಂದ ಎಷ್ಟು ಪ್ರಶ್ನೆ ಬರುತ್ತದೆ ಎಂಬ ಲೆಕ್ಕ. ನಾನು ಓದಿದ ಪಠ್ಯಕ್ರಮದಲ್ಲಿ ಅಂಕಕ್ಕೆ ಲೆಕ್ಕವಾಗುವ 160 ಪ್ರಶ್ನೆಗಳಲ್ಲಿ 36 ಪ್ರಶ್ನೆಗಳು ಸಂಖ್ಯಾತ್ಮಕ ವಿಧಾನಗಳ ಮೇಲಿದ್ದವು, 27 ನಿರಂತರ ಸುಧಾರಣೆಯ ಮೇಲೆ, 25 ಉತ್ಪನ್ನ ಮತ್ತು ಪ್ರಕ್ರಿಯೆಗಳ ನಿಯಂತ್ರಣದ ಮೇಲೆ, 15 ಮಾತ್ರ ಅಪಾಯ ನಿರ್ವಹಣೆಯ ಮೇಲೆ. ಇನ್ನೊಂದು ಸುಳಿವು ಇದಕ್ಕಿಂತ ಬೆಲೆಯುಳ್ಳದ್ದು: ಪ್ರತಿ ಉಪವಿಷಯದ ಪಕ್ಕದಲ್ಲಿ ಅದನ್ನು ಯಾವ ಆಳದವರೆಗೆ ತಿಳಿದಿರಬೇಕೆಂದು ಒಂದು ಪದ ಇರುತ್ತದೆ. ನೆನಪಿಡುವುದು, ಅರ್ಥಮಾಡಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯಮಾಪನ ಮಾಡುವುದು, ಸೃಷ್ಟಿಸುವುದು ಎಂದು ಆರು ಮೆಟ್ಟಿಲುಗಳು. ನೆನಪಿಡುವ ಮೆಟ್ಟಿಲಿನ ವಿಷಯಕ್ಕೆ ಮೂರು ದಿನ ಸುರಿದು, ವಿಶ್ಲೇಷಿಸುವ ಮೆಟ್ಟಿಲಿನ ವಿಷಯವನ್ನು ಒಂದು ಸಂಜೆಯಲ್ಲಿ ಮುಗಿಸುವವರೇ ಹೆಚ್ಚು.

ಆ ಪಠ್ಯಕ್ರಮವನ್ನು ಅಚ್ಚು ಹಾಕಿಸಿಕೊಂಡು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದೆ. ಕೈಯಾರೆ ಮಾಡಿದ್ದಕ್ಕೆ ಒಂದು ಗುರುತು, ಬೇರೆಯವರು ಮಾಡಿದ್ದನ್ನು ನೋಡಿದ್ದಕ್ಕೆ ಇನ್ನೊಂದು, ಹೆಸರಷ್ಟೇ ಕೇಳಿದ್ದಕ್ಕೆ ಮತ್ತೊಂದು. ಎಂಟು ವರ್ಷಗಳ ಅನುಭವ ಎಂದು ಎದೆಯುಬ್ಬಿಸಿಕೊಂಡಿದ್ದವನಿಗೆ ಆ ಕಾಗದ ಒಳ್ಳೆಯ ಪಾಠ ಕಲಿಸಿತು. ಸರಿಪಡಿಸುವ ಕ್ರಮ, ದೋಷಕಾರಣಗಳ ವಿಶ್ಲೇಷಣೆ, ಪೂರೈಕೆದಾರರ ಮೌಲ್ಯಮಾಪನ ಇವೆಲ್ಲ ಕೈಯಾರೆ ಮಾಡಿದವೇ. ಆದರೆ ಸಂಖ್ಯಾಶಾಸ್ತ್ರದ ಭಾಗಕ್ಕೆ ಬಂದರೆ ಹೆಸರು ಕೇಳಿದ್ದೇ ಹೆಚ್ಚು. ಸಾಫ್ಟ್‌ವೇರಿಗೆ ಅಂಕಿಗಳನ್ನು ತುಂಬಿ, ಅದು ಕೊಟ್ಟ ಬಣ್ಣದ ಚಿತ್ರವನ್ನು ಗ್ರಾಹಕರಿಗೆ ಕಳಿಸುವುದನ್ನೇ ನಾನು ಅನುಭವವೆಂದು ಎಣಿಸಿಕೊಂಡಿದ್ದೆ. ಅಂದರೆ ನನಗೆ ಬೇಕಾಗಿದ್ದದ್ದು ಸಿಕ್ಯೂಇ ತರಬೇತಿಯಲ್ಲ, ಸಂಖ್ಯಾಶಾಸ್ತ್ರದ ತರಬೇತಿ. ಉಳಿದದ್ದನ್ನು ಒಂದು ಕೈಪಿಡಿ ಇಟ್ಟುಕೊಂಡು ಮನೆಯಲ್ಲೇ ಓದಬಹುದಾಗಿತ್ತು.

ಬೆಂಗಳೂರಿನಲ್ಲಿರುವವರಿಗೆ ಇದಕ್ಕೆ ದೂರ ಹೋಗಬೇಕಾಗಿಲ್ಲ. ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಗುಣಮಟ್ಟ ನಿಯಂತ್ರಣಕ್ಕೇ ಮೀಸಲಾದ ಘಟಕವಿದೆ, ಅದು ಉದ್ಯಮದವರಿಗಾಗಿ ತರಬೇತಿಗಳನ್ನು ನಡೆಸುತ್ತದೆ. 1931ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು ಕೋಲ್ಕತ್ತದಲ್ಲಿ ಕಟ್ಟಿದ ಈ ಸಂಸ್ಥೆಗೂ ಗುಣಮಟ್ಟದ ವಿದ್ಯೆಗೂ ಇರುವ ನಂಟು ಹಳೆಯದು. 1924ರಲ್ಲಿ ನಿಯಂತ್ರಣ ನಕ್ಷೆಯನ್ನು ರೂಪಿಸಿದ ವಾಲ್ಟರ್ ಶೂಹಾರ್ಟ್ ಸ್ವಾತಂತ್ರ್ಯ ಬಂದ ಹೊಸದರಲ್ಲೇ, 1947–48ರಲ್ಲಿ, ಮಹಾಲನೋಬಿಸರ ಆಹ್ವಾನದ ಮೇಲೆ ಭಾರತಕ್ಕೆ ಬಂದಿದ್ದರು. ಪ್ರಯೋಗ ವಿನ್ಯಾಸಕ್ಕೆ ಹೆಸರಾದ ಜಪಾನಿನ ಗೆನಿಚಿ ತಗುಚಿ 1954–55ರಲ್ಲಿ ಈ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಆ ಸಂಸ್ಥೆಯನ್ನು ದಶಕಗಳ ಕಾಲ ಬೆಳೆಸಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ ಎಂಬುದು ಪರೀಕ್ಷೆಗೆ ಬರುವ ವಿಷಯವಲ್ಲ, ಆದರೂ ಸಂಖ್ಯಾಶಾಸ್ತ್ರವೆಂದರೆ ನಡುಗುತ್ತಿದ್ದ ನನಗೆ ಅದರಿಂದ ಏನೋ ಒಂದು ಸಲಿಗೆ ಸಿಕ್ಕಿತು. ನಾನು ಸೇರಿದ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಸ್ಲೈಡುಗಳು ಕಡಿಮೆ, ಲೆಕ್ಕಗಳು ಹೆಚ್ಚು. ಮೊದಲ ದಿನವೇ 0.577ರ ಗುಟ್ಟು ಬಿಚ್ಚಿಕೊಂಡಿತು: ಮೂರನ್ನು 2.326ರಿಂದಲೂ ಐದರ ವರ್ಗಮೂಲದಿಂದಲೂ ಭಾಗಿಸಿದರೆ ಅದೇ ಬರುತ್ತದೆ. ಗುಂಪಿನೊಳಗಿನ ವ್ಯಾಪ್ತಿಯನ್ನು, ಅಂದರೆ ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಳತೆಗಳ ಅಂತರವನ್ನು, 2.326ರಿಂದ ಭಾಗಿಸಿ ಮಾನಕ ವಿಚಲನೆಯನ್ನು (ಸಿಗ್ಮಾ) ಅಂದಾಜು ಮಾಡಿ, ಸರಾಸರಿಯ ಸುತ್ತ ಮೂರು ಸಿಗ್ಮಾ ದೂರದಲ್ಲಿ ಗೆರೆ ಎಳೆಯುವ ಕೆಲಸವನ್ನು ಆ ಒಂದು ಸಂಖ್ಯೆ ಸಂಕ್ಷೇಪಿಸಿದೆ, ಅಷ್ಟೇ.

ಅಲ್ಲಿಂದ ಮುಂದಿನ ಐದು ತಿಂಗಳು ನಾವು ಮೂವರು ಸಹೋದ್ಯೋಗಿಗಳು ಪ್ರತಿ ಭಾನುವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂಡುತ್ತಿದ್ದೆವು. ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ, ಆದರೆ ಪ್ರತಿಯೊಂದು ವಿಷಯವನ್ನೂ ಮೊದಲು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕೆಂದು ನಿಯಮ ಮಾಡಿಕೊಂಡೆವು. ಆಲ್ಫಾ, ಬೀಟಾ ದೋಷಗಳು ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಅದಲುಬದಲಾಗುತ್ತಿದ್ದವು. ಒಳ್ಳೆಯ ಲಾಟನ್ನು ವಾಪಸು ಕಳಿಸಿ ಪೂರೈಕೆದಾರನ ಹೊಟ್ಟೆಯ ಮೇಲೆ ಹೊಡೆಯುವುದು ಆಲ್ಫಾ, ಕೆಟ್ಟ ಲಾಟನ್ನು ಒಳಗೆ ಬಿಟ್ಟುಕೊಂಡು ನಮ್ಮ ಹೊಟ್ಟೆಯ ಮೇಲೆ ಹೊಡೆದುಕೊಳ್ಳುವುದು ಬೀಟಾ ಎಂದು ನಮ್ಮಲ್ಲಿ ಹಿರಿಯರಾದವರು ಹೇಳಿದ ಮೇಲೆ ಅವು ಮತ್ತೆಂದೂ ಅದಲುಬದಲಾಗಲಿಲ್ಲ.

ಆ ಚರ್ಚೆಗಳಿಂದಲೇ ನಮ್ಮ ಕಾರ್ಖಾನೆಯ ಒಂದು ಹಳೆಯ ಪದ್ಧತಿಯೂ ಬಯಲಿಗೆ ಬಂತು. ಒಳಬರುವ ಯಾವ ಲಾಟೇ ಆಗಲಿ, ಶೇಕಡ ಹತ್ತರಷ್ಟು ಭಾಗಗಳನ್ನು ಪರೀಕ್ಷಿಸಿ, ಒಂದೂ ದೋಷ ಸಿಗದಿದ್ದರೆ ಒಪ್ಪಿಕೊಳ್ಳುವುದು ನಮ್ಮಲ್ಲಿ ಯಾರೂ ಪ್ರಶ್ನಿಸದ ಕ್ರಮವಾಗಿತ್ತು. ಶೇಕಡ ಹತ್ತು ಎಂದರೆ ಎಲ್ಲ ಲಾಟುಗಳಿಗೂ ಸಮಾನ ನ್ಯಾಯ ಎಂದೇ ತೋರುತ್ತದೆ. ಲೆಕ್ಕ ಹಾಕಿ ನೋಡಿ. ಶೇಕಡ ಎರಡರಷ್ಟು ದೋಷವಿರುವ 100 ಭಾಗಗಳ ಲಾಟಿನಿಂದ ಹತ್ತನ್ನು ತೆಗೆದರೆ, ಆ ಹತ್ತರಲ್ಲಿ ಒಂದೂ ದೋಷ ಸಿಗದಿರುವ ಸಂಭವ ಸುಮಾರು ಶೇಕಡ 81. ಅದೇ ಶೇಕಡ ಎರಡರಷ್ಟು ದೋಷವಿರುವ 1,000 ಭಾಗಗಳ ಲಾಟಿನಿಂದ ನೂರನ್ನು ತೆಗೆದರೆ ಆ ಸಂಭವ ಸುಮಾರು ಶೇಕಡ 12. ದೋಷದ ಪ್ರಮಾಣ ಒಂದೇ, ನಿಯಮ ಒಂದೇ, ಆದರೆ ಚಿಕ್ಕ ಲಾಟು ಕಳಿಸುವ ಪೂರೈಕೆದಾರ ಐದರಲ್ಲಿ ನಾಲ್ಕು ಸಲ ಪಾರಾಗುತ್ತಾನೆ, ದೊಡ್ಡ ಲಾಟು ಕಳಿಸುವವನು ಬಹುತೇಕ ಪ್ರತಿ ಸಲ ಸಿಕ್ಕಿಬೀಳುತ್ತಾನೆ. ನಮ್ಮನ್ನು ಕಾಯುವುದು ಮಾದರಿಯ ಗಾತ್ರವೇ ಹೊರತು ಅದು ಲಾಟಿನ ಎಷ್ಟು ಪಾಲು ಎಂಬುದಲ್ಲ ಎಂಬ ವಾಕ್ಯವನ್ನು ನಾನು ಹಿಂದೆಯೂ ಓದಿದ್ದೆ. ಕ್ಯಾಂಟೀನಿನ ಮೇಜಿನ ಮೇಲೆ ಕ್ಯಾಲ್ಕ್ಯುಲೇಟರ್ ಒತ್ತಿದ ಮೇಲೆ ಮಾತ್ರ ನಂಬಿದೆ. ಮಾದರಿ ತಪಾಸಣೆಯ ಭಾರತೀಯ ಮಾನಕವಾದ ಐಎಸ್ 2500ರ ಕೋಷ್ಟಕಗಳು ಇದನ್ನು ಬಗೆಹರಿಸಿಟ್ಟಿವೆ. ಸಾಮಾನ್ಯ ತಪಾಸಣೆಯ ಎರಡನೇ ಹಂತದಲ್ಲಿ 1,000ದ ಲಾಟಿಗೆ 80, ನೂರರ ಲಾಟಿಗೆ 20 ಎಂದು ಅವು ಹೇಳುತ್ತವೆ. ಪರೀಕ್ಷೆಯಲ್ಲಿ ಈ ಭಾಗದಿಂದ ಬಂದ ಪ್ರಶ್ನೆಗಳು ನನಗೆ ಪ್ರಶ್ನೆಗಳೆಂದೇ ಅನ್ನಿಸಲಿಲ್ಲ.

ಅಳತೆ ವ್ಯವಸ್ಥೆಯ ವಿಶ್ಲೇಷಣೆಯನ್ನೂ, ಅಂದರೆ ನಮ್ಮ ಅಳತೆಯನ್ನೇ ಎಷ್ಟು ನಂಬಬಹುದು ಎಂದು ಪರೀಕ್ಷಿಸುವುದನ್ನೂ, ಹೀಗೆಯೇ ಕಲಿತೆ. ಹತ್ತು ಭಾಗಗಳು, ಮೂವರು ಅಳೆಯುವವರು, ತಲಾ ಮೂರು ಸಲ, ಒಟ್ಟು ತೊಂಬತ್ತು ಅಳತೆಗಳು. ಹಿಂದೆ ಇದನ್ನು ವರ್ಷಕ್ಕೊಮ್ಮೆ ಗ್ರಾಹಕರ ಆಡಿಟ್ ಬಂದಾಗ ಮಾಡುತ್ತಿದ್ದೆವು, ಮತ್ತು ನಿಜ ಹೇಳಬೇಕೆಂದರೆ, ಫಲಿತಾಂಶ ಚೆನ್ನಾಗಿ ಬರುವ ಗೇಜನ್ನೇ ಆರಿಸಿಕೊಳ್ಳುತ್ತಿದ್ದೆವು. ಈ ಸಲ ಬೇಕೆಂದೇ ತಕರಾರಿನ ಮೈಕ್ರೋಮೀಟರನ್ನು ಆರಿಸಿಕೊಂಡೆ. ರಾತ್ರಿ ಪಾಳಿಯ ಆಪರೇಟರ್ ಒಬ್ಬರು ಬಹಳ ದಿನದಿಂದ ಹೇಳುತ್ತಿದ್ದರು, "ಸರ್, ನೀವು ಅಳೆದ್ರೆ ಒಳಗೆ ಬರತ್ತೆ, ನಾನು ಅಳೆದ್ರೆ ಹೊರಗೆ ಹೋಗತ್ತೆ, ಬೈಸ್ಕೊಳ್ಳೋದು ಮಾತ್ರ ನಾನೇ." ಸಹಿಷ್ಣುತೆಗೆ, ಅಂದರೆ ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸಕ್ಕೆ, ಹೋಲಿಸಿದರೆ ಅಳತೆಯ ಏರುಪೇರು ಶೇಕಡ 34 ಬಂತು. ಶೇಕಡ ಹತ್ತರೊಳಗಿದ್ದರೆ ಉತ್ತಮ, ಮೂವತ್ತು ದಾಟಿದರೆ ಒಪ್ಪಲಾಗದು ಎಂಬುದು ವಾಹನೋದ್ಯಮದಲ್ಲಿ ರೂಢಿಯಲ್ಲಿರುವ ಮಾಪು. ಮೂವರಲ್ಲಿ ಇಬ್ಬರು ಮೈಕ್ರೋಮೀಟರಿನ ಬಿಗಿತವನ್ನು ಒಂದೇ ಸಮನಾಗಿ ಇಡುವ ರ‍್ಯಾಚೆಟ್ ಬಳಸುತ್ತಿರಲಿಲ್ಲ, ನೇರವಾಗಿ ತಿರುಗಿಸಿ ಬಿಗಿ ಮಾಡುತ್ತಿದ್ದರು. ಆ ಇಬ್ಬರಲ್ಲಿ ನಾನೂ ಒಬ್ಬ.

ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಾದ ಪರೀಕ್ಷೆ ಎಂಬ ಮಾತನ್ನು ಕೇಳಿ ಯಾರೂ ಹಗುರವಾಗಬಾರದು. ಅಂಕಕ್ಕೆ ಲೆಕ್ಕವಾಗದ 15 ಪ್ರಶ್ನೆಗಳೂ ಸೇರಿ ಕಂಪ್ಯೂಟರಿನಲ್ಲಿ ಒಟ್ಟು 175 ಪ್ರಶ್ನೆಗಳಿರುತ್ತವೆ, ಸಮಯ ಐದು ಗಂಟೆ ಹದಿನೆಂಟು ನಿಮಿಷ. ಒಂದು ಪ್ರಶ್ನೆಗೆ ಎರಡು ನಿಮಿಷವೂ ಸಿಗುವುದಿಲ್ಲ. ಪುಟ ಹುಡುಕುವುದರಲ್ಲೇ ಆ ಎರಡು ನಿಮಿಷ ಕಳೆದುಹೋಗುತ್ತದೆ. ಆದ್ದರಿಂದ ಕೊನೆಯ ಆರು ವಾರ ನಾನು ಹೊಸದೇನನ್ನೂ ಓದದೆ, ಕೈಪಿಡಿಗೆ ನನ್ನದೇ ಒಂದು ಪದಸೂಚಿಯನ್ನು ಕಟ್ಟಿದೆ. ಪುಸ್ತಕದ ಹಿಂದಿರುವ ಸೂಚಿ ಬರೆದವರ ತಲೆಯಲ್ಲಿರುವ ಕ್ರಮದ್ದು. ಎಫ್ ಪರೀಕ್ಷೆ ಬೇಕಾದಾಗ ನನಗೆ ನೆನಪಾಗುವುದು ಎರಡು ಯಂತ್ರಗಳ ಏರುಪೇರಿನ ಹೋಲಿಕೆ ಎಂಬ ಮಾತು. ಹಾಗೆಯೇ ಬರೆದುಕೊಂಡೆ. ಬಿಡಿ ಹಾಳೆಗಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಅದನ್ನು ಬೈಂಡ್ ಮಾಡಿಸಿದೆ. ಪ್ರಶ್ನೆ ಮತ್ತು ಉತ್ತರಗಳಿರುವ ಸಂಗ್ರಹಗಳನ್ನೂ ಒಯ್ಯುವಂತಿಲ್ಲ, ಹಾಗಾಗಿ ಹದಿನೆಂಟು ಸಾವಿರದ ಪ್ರಶ್ನೆಕೋಶ ಡ್ರಾಯರಿನಲ್ಲೇ ಉಳಿಯಿತು.

ಪ್ರಶ್ನೆಗಳ ಭಾಷೆಯ ಬಗ್ಗೆ ಒಂದು ಮಾತು. ದೋಷಪೂರಿತ ಭಾಗಗಳು ಗ್ರಾಹಕರಿಗೆ ತಲುಪಿವೆ, ಎಂಜಿನಿಯರ್ ಮೊದಲು ಮಾಡಬೇಕಾದದ್ದೇನು ಎಂಬ ಬಗೆಯ ಪ್ರಶ್ನೆಯಲ್ಲಿ ನಾಲ್ಕು ಉತ್ತರಗಳೂ ಸರಿಯೇ ಇರಬಹುದು. ಅಲ್ಲಿ ತೂಕವಿರುವುದು ಮೊದಲು ಎಂಬ ಪದಕ್ಕೆ. ಮೂಲ ಕಾರಣ ಹುಡುಕಲು ಓಡುವ ಮುನ್ನ ಉಳಿದ ದಾಸ್ತಾನನ್ನು ತಡೆಹಿಡಿಯಬೇಕು. ನಮ್ಮ ಕಾರ್ಖಾನೆಯಲ್ಲಿ ಇಂಥ ಸಂದರ್ಭದಲ್ಲಿ ಮೊದಲು ನಡೆಯುವುದು ಯಾರ ಪಾಳಿಯಲ್ಲಿ ಆಯಿತು ಎಂಬ ವಿಚಾರಣೆ, ಆದರೆ ಆ ಆಯ್ಕೆಯನ್ನು ಪರೀಕ್ಷೆಯಲ್ಲಿ ಯಾರೂ ಕೊಡುವುದಿಲ್ಲ.

750ಕ್ಕೆ 550 ಅಂಕ ಬಂದರೆ ಉತ್ತೀರ್ಣ. ನಾನು ಉತ್ತೀರ್ಣನಾದೆ. ಮೂರು ವರ್ಷಕ್ಕೊಮ್ಮೆ ಪ್ರಮಾಣಪತ್ರವನ್ನು ನವೀಕರಿಸಿಕೊಳ್ಳಬೇಕು, ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು; ನವೀಕರಣಕ್ಕೆ 18 ಘಟಕಗಳಷ್ಟು ಕಲಿಕೆ ಮತ್ತು ಕೆಲಸದ ದಾಖಲೆಗಳು ಬೇಕು. ಬಡ್ತಿ ಆ ವರ್ಷ ಬರಲಿಲ್ಲ, ಮರುವರ್ಷ ಬಂತು. ಅದಕ್ಕೆ ಪ್ರಮಾಣಪತ್ರ ಕಾರಣವೋ, ಶೇಕಡ ಹತ್ತರ ಪದ್ಧತಿಯನ್ನು ಕೋಷ್ಟಕಕ್ಕೆ ಬದಲಿಸಿದ ಮೇಲೆ ಜೋಡಣೆ ವಿಭಾಗದ ದೂರುಗಳು ಇಳಿದದ್ದು ಕಾರಣವೋ, ನನ್ನ ಮೇಲಧಿಕಾರಿಗಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಳೆದ ತಿಂಗಳು ನಮ್ಮ ವಿಭಾಗಕ್ಕೆ ಹೊಸದಾಗಿ ಬಂದಿರುವ ಎಂಜಿನಿಯರ್ ಹುಡುಗಿ ಯಾವ ತರಗತಿಗೆ ಸೇರಬೇಕೆಂದು ಕೇಳಿದಳು. ಅವಳಿಗೆ ಅನುಭವದ ವರ್ಷಗಳು ಇನ್ನೂ ತುಂಬಿಲ್ಲ, ಸಮಯವಿದೆ. ಪಠ್ಯಕ್ರಮದ ಒಂದು ಪ್ರತಿಯನ್ನೂ ಪೆನ್ಸಿಲನ್ನೂ ಕೊಟ್ಟು ಗುರುತು ಹಾಕಿಕೊಂಡು ಬರಲು ಹೇಳಿದೆ. ಎರಡು ದಿನದಲ್ಲಿ ತಂದ ಪ್ರತಿಯಲ್ಲಿ ಕೈಯಾರೆ ಮಾಡಿದ ಗುರುತುಗಳೇ ತುಂಬಿದ್ದವು. ಅದರಲ್ಲೊಂದನ್ನು ತೋರಿಸಿ, ಈ ಲೆಕ್ಕವನ್ನು ಸಾಫ್ಟ್‌ವೇರ್ ಇಲ್ಲದೆ ಮಾಡಿ ತೋರಿಸಮ್ಮ ಎಂದೆ. ಅವಳು ಸ್ವಲ್ಪ ಹೊತ್ತು ಕಾಗದವನ್ನೇ ನೋಡಿ, "ರಬ್ಬರ್ ಇದೆಯಾ ಸರ್?" ಎಂದಳು.